ಹೆಗಲೇರದ ಶಾಲು

ಕಳೆದ ತಿಂಗಳು ಕೆನಡಾದ ವಾನ್‌ನ ನಮ್ಮ ಕಾರ್ಖಾನೆಗೆ ಯಾರದೋ ವಿಶೇಷ ಆರ್ಡರಿಗೆಂದು ಸೀಡರ್ ಹಲಗೆ ಬಂತು. ನಮ್ಮದು ಅಡುಗೆಮನೆಯ ಕಪಾಟು ಮಾಡುವ ಕಾರ್ಖಾನೆ. ಅಲ್ಲಿಗೆ ಬರುವುದೆಲ್ಲ ಪುಡಿ ಒತ್ತಿ ಮಾಡಿದ ಹಲಗೆ. ಮರ ಎನ್ನುವ ಮರ ಬರುವುದು ಅಪರೂಪ. ಮೊದಲ ಹಲಗೆಯನ್ನು ರಂದಾ ಮಷೀನಿಗೆ ಕೊಟ್ಟೆ ನೋಡಿ, ಆ ವಾಸನೆ ಎದ್ದು ಮೂಗಿಗೆ ಬಡಿಯಿತು. ಮಷೀನು ಬಂದ್ ಮಾಡಿ ಅಲ್ಲೇ ನಿಂತುಬಿಟ್ಟೆ. ಪಕ್ಕದ ಮಷೀನಿನ ಸರ್ದಾರ್ಜಿ, "ಕ್ಯಾ ಹುವಾ ಭಾಯಿ, ತಬಿಯತ್ ಠೀಕ್ ಹೈ?" ಎಂದು ಕೂಗಿದರು. ಕಣ್ಣಿಗೆ ಪುಡಿ ಹೋಯಿತು ಎಂದೆ. ಅದು ಸುಳ್ಳು. ಮೂರು ವರ್ಷದ ಹಿಂದಿನ ಒಂದು ಚಳಿಗಾಲ ಬಂದು ಎದುರಿಗೆ ನಿಂತಿತ್ತು.

ಆ ಚಳಿಗಾಲದ ಶನಿವಾರಗಳಲ್ಲಿ ನಾನು ಒಬ್ಬ ಮುದುಕರ ಮನೆಗೆ ಕೆಲಸಕ್ಕೆ ಹೋಗುತ್ತಿದ್ದೆ. ಕೆಲಸ ಚೊಕ್ಕಟವಾಗಿ ಮಾಡಿದೆ. ಆ ವಿಷಯದಲ್ಲಿ ನನ್ನತ್ತ ಬೆರಳು ತೋರಿಸುವವರು ಇನ್ನೂ ಹುಟ್ಟಬೇಕು. ಆದರೆ ಗೌರವ ಮಾಡಲು ಹೋಗಿ, ಒಬ್ಬ ತಂದೆ ತನ್ನ ಮಗನಿಂದ ಅರವತ್ತು ವರ್ಷ ಮುಚ್ಚಿಟ್ಟಿದ್ದ ಮಾತನ್ನು ಊಟದ ಮೇಜಿನ ಮೇಲೆ ಬೀಳಿಸಿಬಿಟ್ಟೆ. ಮಗ ಎದ್ದು ಹೋದ. ಅವನು ಮತ್ತೆ ಆ ಮನೆಯ ಬಾಗಿಲು ತೆರೆಯುತ್ತಾನೋ ಇಲ್ಲವೋ ಎಂದು ಕಾದ ದಿನಗಳ ಭಾರ ನನಗೆ ಗೊತ್ತು.

ಮುದುಕರನ್ನು ಎಡ್ಮಂಡ್ ಸಾಹೇಬರು ಎಂದು ಕರೆಯುತ್ತೇನೆ. ಮನೆತನದ ಹೆಸರು ಬರೆಯುವುದಿಲ್ಲ. ಬರೆಯಲು ಅದು ನನ್ನ ಸೊತ್ತಲ್ಲ.

ಜನವರಿಯ ಮೊದಲ ಶನಿವಾರ ಹೋದೆ. ಪೋರ್ಟ್ ಕ್ರೆಡಿಟ್‌ನಲ್ಲಿ, ಸರೋವರದಿಂದ ಎರಡು ರಸ್ತೆ ಮೇಲಕ್ಕೆ, ಇಟ್ಟಿಗೆಯ ಹಳೇ ಮನೆ. ಆ ವಾರದ ಚಳಿಗೆ ಸರೋವರದ ನೀರಿನಿಂದ ಗಂಜಿ ಬಸಿದ ಹಾಗೆ ಹಬೆ ಏಳುತ್ತಿತ್ತು. ಬಾಗಿಲು ತೆರೆದವನು ಹಿರಿಯ ಮಗ ಪೀಟರ್. ಅರವತ್ತು ದಾಟಿದ, ಎತ್ತರದ, ಅಗಲ ಕೈಗಳ ಮನುಷ್ಯ. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾಗಿದ್ದ. ಹೆಂಡತಿ ಬಿಟ್ಟು ಹೋಗಿದ್ದಳು, ಮಕ್ಕಳಿರಲಿಲ್ಲ. ತಾಯಿ ತೀರಿದ ಮೇಲೆ ತಂದೆಯ ಜೊತೆಗೇ ಬಂದು ಇದ್ದ. ಎಂಬತ್ತೆಂಟರ ಆ ಜೀವಕ್ಕೆ ಸ್ನಾನ ಮಾಡಿಸುವುದು, ಗುಳಿಗೆ ಕೊಡುವುದು, ಕಾಲಿನ ಉಗುರು ತೆಗೆಯುವುದು ಎಲ್ಲ ಅವನೇ. ಕಿರಿಯ ಮಗ ಗ್ರೇಮ್ ವಕೀಲ; ಎಟೋಬಿಕೋಕ್‌ನ ಫ್ಲಾಟೊಂದರಲ್ಲಿ ವಾಸ. ಹೆಂಡತಿಯನ್ನು ಕರೆದುಕೊಂಡು ಭಾನುವಾರದ ಊಟಕ್ಕೆ ಬಂದು ಹೋಗುವವನು.

ಮನೆಯ ಕೆಳಗಿನ ಕೋಣೆಯಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಒಂದು ದೊಡ್ಡ ಪೆಟ್ಟಿಗೆ ಇತ್ತು. ಅದರಲ್ಲಿನ ಬಟ್ಟೆಗೆ ನುಸಿ ತಾಗದಂತೆ, ಒಳಗೆಲ್ಲ ಸೀಡರ್ ಹೊದಿಸಿದ ಕಪಾಟೊಂದನ್ನು ಗೋಡೆಗೆ ಕೂಡಿಸಿ ಕಟ್ಟಬೇಕು. ಅಳತೆ ಬೇಕಲ್ಲ, ಪೆಟ್ಟಿಗೆ ತೆಗೆದೆವು. ಕಡುಗೆಂಪು ಮಖಮಲ್ಲಿನ ಉದ್ದನೆಯ ನಿಲುವಂಗಿ, ಕೊರಳಿಗೆ ಬಿಳಿಯ ತುಪ್ಪಳ, ಅದರ ಮೇಲೆ ಕರಿ ಚುಕ್ಕೆ.

"ಇದೇನು, ಸಾಂಟಾ ಕ್ಲಾಸ್ ಅಂಗಿಯೇ?" ಎಂದೆ.

ಪೀಟರ್ ನಕ್ಕು ನಕ್ಕು ಪೆಟ್ಟಿಗೆಯ ಅಂಚಿನ ಮೇಲೇ ಕೂತ. ಕಿಟಕಿಯ ಬಳಿಯ ಕುರ್ಚಿಯಿಂದ ಸಾಹೇಬರ ದನಿ ಬಂತು: "ನನ್ನ ಅಣ್ಣ ಇದ್ದಿದ್ದರೆ ಒಪ್ಪುತ್ತಿದ್ದ. ಅವನಿಗೂ ಅದರೊಳಗೆ ಬಹಳ ಸೆಕೆಯಾಗುತ್ತಿತ್ತು."

ಅವರ ಕತೆ ನನಗೆ ತಿಳಿದದ್ದು ಹೀಗೆ, ಕೆಲಸದ ನಡುವಿನ ಚಹಾದ ಹೊತ್ತಿನಲ್ಲಿ, ಸ್ವಲ್ಪ ಸ್ವಲ್ಪವಾಗಿ. ಸಾಹೇಬರ ತಂದೆ ಬ್ರಿಟನ್ನಿನ ರಾಜಕಾರಣಿ, ಮಂತ್ರಿಯಾಗಿದ್ದವರು. ಅವರ ಸೇವೆಗೆ ಅಲ್ಲಿಯ ಸರಕಾರ ಲಾರ್ಡ್ ಎಂಬ ಪಟ್ಟ ಕೊಡಿಸಿತು. ಒಂದು ಸಲ ಕೊಟ್ಟರೆ ಅದು ತಂದೆಯಿಂದ ಹಿರಿಯ ಮಗನಿಗೆ, ಅವನಿಂದ ಅವನ ಹಿರಿಯ ಮಗನಿಗೆ ಇಳಿಯುತ್ತ ಹೋಗುವಂಥದ್ದು. ತಂದೆಯ ನಂತರ ಸಾಹೇಬರ ಅಣ್ಣ ಲಾರ್ಡ್ ಆಗಿ ಅಲ್ಲಿಯ ಮೇಲ್ಮನೆಯಲ್ಲಿ ಎಷ್ಟೋ ವರ್ಷ ಕೂತರು. ಪೆಟ್ಟಿಗೆಯಲ್ಲಿದ್ದದ್ದು ಆ ಪಟ್ಟದ ನಿಲುವಂಗಿ. ಈಗ ಪಟ್ಟದ ಜೊತೆ ಕುರ್ಚಿ ಬರುವ ಕಾಲ ಹೋಗಿದೆಯಂತೆ. ಹೆಸರು ಮಾತ್ರ ಉಳಿದಿದೆ. ಆ ಅಣ್ಣ ಮಕ್ಕಳಿಲ್ಲದೆ ತೀರಿಕೊಂಡಿದ್ದರು. ಇಪ್ಪತ್ತರ ಹರೆಯದಲ್ಲಿ ಜಗಳವಾಡಿ ಕೆನಡಾಕ್ಕೆ ಬಂದು, ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ಬದುಕಿದ ತಮ್ಮನ ತಲೆಯ ಮೇಲೆ ಆ ಪಟ್ಟ ತಾನಾಗಿ ಬಂದು ಕೂತಿತ್ತು.

ನಾನು ಸವದತ್ತಿ ಕಡೆಯವನು, ಏಳನೆಯ ಇಯತ್ತೆಗೆ ಸಾಲೆ ಬಿಟ್ಟವನು. ಕಾರ್ಖಾನೆಯಲ್ಲಿ ಮೌನೇಶ ಎನ್ನಲು ಬಾರದೆ ಎಲ್ಲರೂ ಮೋ ಎನ್ನುತ್ತಾರೆ. ಈ ದೇಶಕ್ಕೆ ಬಂದ ಮೇಲೆ ನನ್ನನ್ನು ಮನೆತನದ ಹೆಸರು ಹಿಡಿದು ಮಿಸ್ಟರ್ ಎಂದು ಕರೆದವರು ಸಾಹೇಬರೊಬ್ಬರೇ.

"ಮಿಸ್ಟರ್ ಬಡಿಗೇರ್, ನಿಮ್ಮ ಹೆಸರಿಗೆ ಏನಾದರೂ ಅರ್ಥ ಇದೆಯೇ?"

"ಬಡಿಗ ಅಂದರೆ ಮರಗೆಲಸದವನು, ಸರ್. ಅಪ್ಪ, ಅಜ್ಜ, ಮುತ್ತಜ್ಜ, ಎಲ್ಲರದ್ದೂ ಇದೇ ಕೆಲಸ."

"ನೋಡಿ, ನಿಮ್ಮ ಹೆಸರು ನೀವು ಏನು ಮಾಡುತ್ತೀರಿ ಎಂದು ಹೇಳುತ್ತದೆ. ನಮ್ಮ ಪಟ್ಟದಲ್ಲಿರುವುದು ಒಂದು ಊರಿನ ಹೆಸರು. ಆ ಊರಲ್ಲಿ ನಮಗೆ ಒಂದು ಕೋಳಿಗೂಡು ಕೂಡ ಇಲ್ಲ."

ಹೀಗೆ ಮಾತಾಡುವ ದೊಡ್ಡವರನ್ನು ಕಂಡರೆ ನನಗೆ ಕೈ ತಾನಾಗಿ ಮುಗಿದುಕೊಳ್ಳುತ್ತದೆ. ಒಂದು ದಿನ ತಡೆಯಲಾರದೆ ಹೇಳಿದೆ: "ಸರ್, ನಮ್ಮ ಕಡೆ ಆಗಿದ್ದರೆ ನಿಮಗೆ ಶಾಲು ಹೊದಿಸಿ, ಹಾರ ಹಾಕಿ, ಊರೇ ಸನ್ಮಾನ ಮಾಡುತ್ತಿತ್ತು."

"ದಯವಿಟ್ಟು ಬೇಡ," ಎಂದರು. "ನನಗೆ ಯಾವ ಗದ್ದಲವೂ ಬೇಡ."

"ನಿಮ್ಮ ನಂತರ ಪೀಟರ್ ಅಲ್ಲವೇ, ಸರ್?"

ಅವರು ಕಿಟಕಿಯ ಕಡೆ ನೋಡಿದರು. "ನಿಮ್ಮ ಚಹಾ ಆರುತ್ತಿದೆ," ಎಂದರು.

ನಾನು ತಪ್ಪಿದ್ದು ಇಲ್ಲಿಯೇ. ನಮ್ಮ ಕಡೆ ಸನ್ಮಾನಕ್ಕೆ ಹೂಂ ಎನ್ನುವವರು ಯಾರು? ಕೇಳಿದ ಕೂಡಲೇ ಒಪ್ಪಿದರೆ ಆಸೆಬುರುಕ ಎಂದಾರು. "ಬ್ಯಾಡ್ರಿ, ಅದೆಲ್ಲಾ ಯಾಕ್ರಿ, ನಾ ಏನ್ ಮಾಡೇನಿ ಅಂತ" ಎನ್ನುತ್ತಲೇ ಹಾರಕ್ಕೆ ತಲೆ ಬಗ್ಗಿಸುವುದು ದೊಡ್ಡವರ ಲಕ್ಷಣ. ಎರಡು ಸಲ ಬೇಡ ಅನ್ನಿಸಿಕೊಂಡು ಮೂರನೆಯ ಸಲ ಹೊದಿಸಿಯೇ ಬಿಡುವುದು ನಮ್ಮ ಲಕ್ಷಣ. ಸಾಹೇಬರ ಬೇಡವನ್ನು ನಾನು ಆ ಬೇಡಗಳ ಸಾಲಿಗೇ ಸೇರಿಸಿದೆ. ಪೀಟರನ ಹೆಸರು ತೆಗೆದಾಗ ಅವರು ಮಾತು ಮರೆಸಿದ್ದನ್ನೂ ವಿನಯ ಎಂದೇ ತಿಳಿದೆ.

ಅಂದು ರಾತ್ರಿಯ ಊಟಕ್ಕೆ ಕೂತಾಗ ಮನೆಯಲ್ಲಿ ವಿಷಯ ತೆಗೆದೆ. ಮಗಳು ಅಕ್ಷತಾ ಇಲ್ಲೇ ಹುಟ್ಟಿದವಳು. "ಅಪ್ಪಾ, ದಟ್ಸ್ ಸೋ ವಿಯರ್ಡ್. ಅವರೇನೂ ಮಾಡಿಲ್ಲ. ಇಟ್ಸ್ ಜಸ್ಟ್ ಬರ್ತ್ ಆರ್ಡರ್," ಎಂದಳು.

"ಹಿರೇತನ ಅಂದ್ರ ನಿನಗೇನ್ ತಿಳಿತೈತಿ," ಎಂದೆ.

ನನ್ನ ಹೆಂಡತಿ ಕಸ್ತೂರಿ ರೊಟ್ಟಿ ಹಾಕುತ್ತ ಕೇಳಿದಳು: "ಅವರು ಬ್ಯಾಡ ಅಂದಾರ ಅಂತ ನೀವ ಹೇಳಾಕತ್ತೀರಿ. ಮತ್ತ ಊರಿಂದ ತಂದ ಶಾಲು ಯಾಕ ಹುಡುಕಾಕತ್ತೀರಿ?"

"ದೊಡ್ಡವರು ಎಲ್ಲಾರೂ ಮೊದಲ ಬ್ಯಾಡ ಅಂತಾರ."

"ಅವರು ನಮ್ಮ ಕಡಿ ಮಂದಿ ಅಲ್ರಿ."

"ಮರ್ಯಾದಿ ಎಲ್ಲಾ ಕಡಿ ಒಂದ."

"ಹೋಗ್ರಿ ಹಂಗಾರ. ನಾ ಮಾತ್ರ ಬರಂಗಿಲ್ಲ," ಎಂದು ಅವಳು ತವೆಯ ಕಡೆ ತಿರುಗಿದಳು.

ನನಗೆ ಆಗ ಗೊತ್ತಿಲ್ಲದ್ದನ್ನು ಈಗಲೇ ಹೇಳಿಬಿಡುತ್ತೇನೆ. ಸಾಹೇಬರು ಮನೆ ಬಿಟ್ಟದ್ದು ತಂದೆಯ ಕಚೇರಿಯಲ್ಲಿ ಟೈಪ್ ಮಾಡುತ್ತಿದ್ದ ಒಬ್ಬ ಹೆಂಗಸಿಗಾಗಿ. ಆಕೆಗೆ ಮೊದಲೇ ಮದುವೆಯಾಗಿತ್ತು. ಗಂಡನಿಂದ ದೂರವಿದ್ದಳು, ಆದರೆ ವಿಚ್ಛೇದನ ಸಿಕ್ಕಿರಲಿಲ್ಲ. ಇಬ್ಬರೂ ಇಲ್ಲಿಗೆ ಬಂದು ಗಂಡ ಹೆಂಡತಿ ಎಂದೇ ಬದುಕಿದರು. ಪೀಟರ್ ಹುಟ್ಟಿದ. ವಿಚ್ಛೇದನದ ಕಾಗದ ಬಂದು ಅವರು ನಿಜವಾಗಿ ಮದುವೆಯಾದದ್ದು ಅವನಿಗೆ ವರ್ಷ ತುಂಬಿದ ಮೇಲೆ. ಗ್ರೇಮ್ ಹುಟ್ಟಿದ್ದು ಅದರ ನಂತರ. ಕೆನಡಾದ ಕಾನೂನಿಗೆ ಇಬ್ಬರೂ ಸರಿಸಮ. ಆದರೆ ಆ ಪಟ್ಟ ನಡೆಯುವುದು ಅಲ್ಲಿಯ ಹಳೆಯ ಕಟ್ಟಳೆಯಂತೆ. ಮದುವೆಗೆ ಮೊದಲು ಹುಟ್ಟಿದ ಮಗ, ತಂದೆತಾಯಿ ಆಮೇಲೆ ಮದುವೆಯಾದರೂ, ಅದಕ್ಕೆ ವಾರಸುದಾರನಲ್ಲ. ಹೆಂಡತಿ ತೀರಿದ ಮೇಲೆ ಇದು ಸಾಹೇಬರಿಗೆ ಮಾತ್ರ ಗೊತ್ತಿತ್ತು. ಲಂಡನ್ನಿನ ವಕೀಲರು, ಪಟ್ಟದ ದಾಖಲೆಯಲ್ಲಿ ಹೆಸರು ಸೇರಿಸಲು ಮದುವೆಯ ಮತ್ತು ಮಕ್ಕಳ ಜನನದ ಸರ್ಟಿಫಿಕೇಟು ಕಳಿಸಿ ಎಂದು ಬರೆದಿದ್ದ ಕಾಗದಗಳನ್ನು ಅವರು ಮೇಜಿನ ಖಾನೆಗೆ ತಳ್ಳುತ್ತ ದಿನ ದೂಡುತ್ತಿದ್ದರು.

ಜನವರಿ, ಫೆಬ್ರವರಿ ಹಾಗೇ ಕಳೆದವು. ಶನಿವಾರ ಬೆಳಿಗ್ಗೆ ವ್ಯಾನಿನ ಗಾಜಿನ ಮಂಜು ಕೆರೆದು ಹೊರಟರೆ ಎಂಟಕ್ಕೆಲ್ಲ ಅಲ್ಲಿರುತ್ತಿದ್ದೆ. ಮಧ್ಯಾಹ್ನ ಪೀಟರ್ ಸೂಪು ಬಿಸಿ ಮಾಡುತ್ತಿದ್ದ. ನಾನು ರೊಟ್ಟಿ, ಶೇಂಗಾ ಚಟ್ನಿ ಬಿಚ್ಚುತ್ತಿದ್ದೆ. ಎರಡನೆಯ ವಾರದಿಂದ ಅವನು ಸೂಪು ಬಿಟ್ಟು ನನ್ನ ಡಬ್ಬಿಗೇ ಕೈ ಹಾಕಿದ. "ಇದು ಮಾಡಿದವರಿಗೆ ಲಾರ್ಡ್ ಪಟ್ಟ ಕೊಡಬೇಕು," ಎನ್ನುತ್ತಿದ್ದ. ಅಪ್ಪ ಮಗನ ನಡುವೆ ಮಾತು ಕಡಿಮೆ. ಕನ್ನಡಕ ಒರೆಸಿ ಮೂಗಿನ ಮೇಲೆ ಇಡುವುದು, ಕಾಲಿನ ಮೇಲಿನ ಕಂಬಳಿ ಸರಿಮಾಡುವುದು, ಹೀಗೆ ಮಗನ ಕೈಗಳೇ ಮಾತಾಡುತ್ತಿದ್ದವು. ನನ್ನ ತಂದೆಗೆ ಆ ಸೇವೆ ಮಾಡುವ ಭಾಗ್ಯ ನನಗೆ ಸಿಗಲಿಲ್ಲವಲ್ಲ ಎಂದು ನೋಡುತ್ತಿದ್ದೆ.

ಮಾರ್ಚಿನ ಒಂದು ಭಾನುವಾರ. ಕಪಾಟಿನ ಮೈ ಮುಗಿದಿತ್ತು, ಬಾಗಿಲು ಮಾಡಿ ಕೂಡಿಸುವುದು ಬಾಕಿ. ಊಟದ ಹೊತ್ತಿಗೆ ಬರುತ್ತೇನೆ ಎಂದು ಪೀಟರನಿಗೆ ಹೇಳಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಒಂದು ತಟ್ಟೆಯಲ್ಲಿ ತೆಂಗಿನಕಾಯಿ, ಐದು ಬಗೆಯ ಹಣ್ಣು, ಮಡಿಚಿದ ಎರಡು ಶಾಲು ಇಟ್ಟು ಒಯ್ದೆ. ಒಂದು ಸಾಹೇಬರಿಗೆ, ಒಂದು ಹಿರಿಯ ಮಗನಿಗೆ. ನಮ್ಮಲ್ಲಿ ಹಿರೇತನದ ಗೌರವ ಮಾಡುವಾಗ ಮುಂದೆ ಅದನ್ನು ಹೊರುವವನನ್ನೂ ಬಿಡುವುದಿಲ್ಲ.

ಮೇಜಿನ ಸುತ್ತ ನಾಲ್ವರೂ ಕೂತಿದ್ದರು. ಗ್ರೇಮ್ ಒಂದು ಫೈಲು ತೆರೆದು ಇಟ್ಟಿದ್ದ. "ಅಪ್ಪಾ, ಲಂಡನ್ನಿನವರು ಕೇಳಿದ್ದು ಬರೀ ಮೂರು ನಾಲ್ಕು ಸರ್ಟಿಫಿಕೇಟು. ಎಲ್ಲಿವೆ ಹೇಳು, ನಾನೇ ಕಳಿಸುತ್ತೇನೆ."

"ಆ ಆಲೂಗಡ್ಡೆ ಇತ್ತ ಕೊಡು," ಎಂದರು ಸಾಹೇಬರು.

"ನಿನಗ್ಯಾಕೆ ಅಷ್ಟು ಅವಸರ?" ಪೀಟರ್ ತಮ್ಮನನ್ನು ಕೆಣಕಿದ. "ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದೀಯ, ನೆನಪಿರಲಿ."

"ನಿನ್ನ ಕೈಗೆ ಬಂದರೆ ಆ ಕೆಂಪು ನಿಲುವಂಗಿ ತೊಟ್ಟುಕೊಂಡು ಬಸ್ಸು ಓಡಿಸುತ್ತೀಯ."

"ಓಡಿಸುತ್ತೇನೆ. ನೀನು ಹತ್ತಿದರೆ ಟಿಕೆಟು ಕೇಳುತ್ತೇನೆ."

ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ. ಇದೇ ಒಳ್ಳೆಯ ಗಳಿಗೆ ಎಂದುಕೊಂಡು ನಾನು ತಟ್ಟೆ ಹಿಡಿದು ಮುಂದೆ ಹೋದೆ. ನನ್ನ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿದೆ. "ಬೇಡ, ಮಿಸ್ಟರ್ ಬಡಿಗೇರ್, ಬೇಡ," ಎಂದರು. ನಾನು ಶಾಲು ಬಿಚ್ಚಿ ಹೊದಿಸಿಯೇ ಬಿಟ್ಟೆ. ಅವರು ತಲೆ ಬಗ್ಗಿಸಿದರು. ನೋಡು ಕಸ್ತೂರಿ, ನಾನು ಹೇಳಿರಲಿಲ್ಲವೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಗ್ರೇಮನ ಹೆಂಡತಿ ಚಪ್ಪಾಳೆ ತಟ್ಟಿದಳು.

ಎರಡನೆಯ ಶಾಲನ್ನು ಬಿಡಿಸಿ, "ಇದು ಮುಂದಿನ ಲಾರ್ಡ್‌ಗೆ," ಎಂದು ಪೀಟರನ ಕಡೆ ತಿರುಗಿದೆ. ಅವನು ನಗುತ್ತ ಎದ್ದ. ನನಗಿಂತ ಒಂದು ಗೇಣು ಎತ್ತರ. ಶಾಲು ಎಟುಕಲೆಂದು ಮೊಣಕಾಲು ಬಗ್ಗಿಸಿ ನಿಂತ.

"ಅವನಿಗಲ್ಲ," ಎಂದರು ಸಾಹೇಬರು.

ನಾನು ಕೇಳಿಸಿಕೊಂಡರೂ ಕೈ ತಡೆಯಲಿಲ್ಲ. ಅವರು ಮೇಜು ಹಿಡಿದು ಅರ್ಧ ಎದ್ದು ನಿಂತರು. ದನಿ ಒಡೆದಿತ್ತು. "ಅವನಿಗಲ್ಲ ಎಂದೆ!"

ನನ್ನ ಕೈ ಗಾಳಿಯಲ್ಲೇ ನಿಂತಿತು. ಪೀಟರನ ಮೊಣಕಾಲು ಇನ್ನೂ ಬಗ್ಗಿಯೇ ಇತ್ತು. ಮುಖದ ಮೇಲೆ ನಗೆಯೂ ಹಾಗೇ ಇತ್ತು. "ಮತ್ತೆ ಯಾರಿಗಪ್ಪಾ? ಗ್ರೇಮ್‌ಗಾ?"

ಸಾಹೇಬರು ಕೂತು, ಶಾಲಿನ ಅಂಚನ್ನು ಬೆರಳಲ್ಲಿ ಹಿಡಿದುಕೊಂಡು, ಲೆಕ್ಕ ಬಿಡಿಸಿ ತೋರಿಸುವ ಮಾಸ್ತರರ ಹಾಗೆ ಒಂದೊಂದೇ ಹೇಳಿದರು. ವಿಚ್ಛೇದನ ತಡವಾದದ್ದು, ಮದುವೆಯ ನಿಜವಾದ ವರ್ಷ, ಅಲ್ಲಿಯ ಕಟ್ಟಳೆ. ಕೊನೆಗೆ, "ಆ ಕಾನೂನಿನ ಕಣ್ಣಿಗೆ ನೀನು ನನ್ನ ಹಿರಿಯ ಮಗನಲ್ಲ," ಎಂದರು.

ಪೀಟರ್ ನಿಧಾನವಾಗಿ ನೆಟ್ಟಗಾದ. "ನಿಮ್ಮ ಮದುವೆಯ ಐವತ್ತನೆಯ ವರ್ಷದ ಹಬ್ಬ ಮಾಡಿದವನು ನಾನು. ಹಾಲ್ ಹಿಡಿದವನು ನಾನು. ಎರಡು ವರ್ಷ ಮುಂಚೆಯೇ ಮಾಡಿದೆನಾ? ಅವತ್ತೂ ಸುಮ್ಮನೆ ಕೂತಿದ್ದೆಯಲ್ಲ, ಕೇಕು ತಿನ್ನುತ್ತ. ಅಮ್ಮನೂ?"

"ನಿನ್ನ ಅಮ್ಮನೇ ಸುಮ್ಮನಿರು ಎಂದಳು."

ಪೀಟರ್ ಅಡುಗೆಮನೆಗೆ ಹೋದ. ತಂದೆಯ ಸಂಜೆಯ ಗುಳಿಗೆಗಳನ್ನು ಎಣಿಸಿ ಸಣ್ಣ ಬಟ್ಟಲಿಗೆ ಹಾಕಿ ತಂದು ತಟ್ಟೆಯ ಪಕ್ಕ ಇಟ್ಟ. ಕೋಟು ಹಾಕಿಕೊಂಡು ಹೊರಟುಹೋದ. ಬಾಗಿಲನ್ನು ಬಡಿಯಲಿಲ್ಲ. ಬಡಿದಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮನೆಗೆ ಬಂದು ಎರಡನೆಯ ಶಾಲನ್ನು ಹೆಂಡತಿಯ ಕೈಗೆ ಕೊಟ್ಟೆ. ಅವಳು ಎಲ್ಲ ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು, "ಬ್ಯಾಡ ಅಂದ್ರ ಒಮ್ಮೊಮ್ಮೆ ಬ್ಯಾಡ ಅಂತಷ್ಟ ಇರತೈತ್ರಿ," ಎಂದಷ್ಟೇ ಹೇಳಿದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಅರ್ಧ ಮಾಡಿದ ಕೆಲಸ ಬಿಟ್ಟು ಬರುವ ಜಾತಿ ನಂದಲ್ಲ. ಮುಂದಿನ ಶನಿವಾರ ಮುಖ ಗಟ್ಟಿ ಮಾಡಿಕೊಂಡು ಹೋದೆ. ಬಾಗಿಲು ತೆರೆದದ್ದು ಗ್ರೇಮ್ ಗೊತ್ತುಮಾಡಿದ ನರ್ಸಮ್ಮ. ಸಾಹೇಬರು ಅದೇ ಕುರ್ಚಿಯಲ್ಲಿ ಕೂತಿದ್ದರು. ಗಡ್ಡ ಬೆಳೆದಿತ್ತು, ಆಕೆಯ ಕೈಯಲ್ಲಿ ಕ್ಷೌರ ಮಾಡಿಸಿಕೊಳ್ಳಲು ಒಪ್ಪಿರಲಿಲ್ಲವಂತೆ.

"ಸರ್, ನನ್ನಿಂದ..." ಎಂದು ಶುರುಮಾಡಿದೆ.

"ಶಾಲು ನಿಮ್ಮದು, ಮಿಸ್ಟರ್ ಬಡಿಗೇರ್. ಮಾತು ನನ್ನದು," ಎಂದರು. "ಅದನ್ನು ಬೇರೆ ರೀತಿಯಲ್ಲಿ, ಬೇರೆ ದಿನ ಹೇಳಲು ನನಗೆ ಇಪ್ಪತ್ತು ಸಾವಿರ ದಿನಗಳಿದ್ದವು."

ಮೂರು ಶನಿವಾರ ಹಾಗೇ ಹೋದವು. ರಸ್ತೆಯಲ್ಲಿ ಕಾರಿನ ಸದ್ದಾದರೆ ಸಾಕು, ಸಾಹೇಬರ ತಲೆ ಕಿಟಕಿಯ ಕಡೆ ತಿರುಗುತ್ತಿತ್ತು. ಹಲಗೆ ಕೊಯ್ಯುತ್ತ ನಾನೂ ಕಿವಿ ನಿಮಿರಿಸುತ್ತಿದ್ದೆ. ಊಟದ ತಟ್ಟೆ ತುಂಬಿದ ಹಾಗೇ ಒಳಗೆ ಹೋಗುತ್ತಿತ್ತು. ನಾಲ್ಕನೆಯ ವಾರ ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. ಗ್ರೇಮನನ್ನು ಕೇಳಿ ಪೀಟರನ ವಿಳಾಸ ತಗೊಂಡು, ಕಾರ್ಖಾನೆಯ ಕೆಲಸ ಮುಗಿಸಿದವನೇ ನೇರ ಎಟೋಬಿಕೋಕ್‌ಗೆ ಹೋದೆ.

ಪೀಟರ್ ಅಲ್ಲಿ, ತಮ್ಮನ ಮನೆಯಲ್ಲಲ್ಲ, ಹಳೇ ಬಸ್ ಡ್ರೈವರ್ ಗೆಳೆಯನೊಬ್ಬನ ಬೇಸ್‌ಮೆಂಟಿನಲ್ಲಿ ಇಳಿದುಕೊಂಡಿದ್ದ. ನಾನು ಹೋದಾಗ ಮನೆಯ ಮುಂದಿನ ಗಟ್ಟಿ ಮಂಜನ್ನು ಸಲಿಕೆಯಿಂದ ಒಡೆಯುತ್ತಿದ್ದ. ನನ್ನನ್ನು ನೋಡಿದರೂ ಕೈ ನಿಲ್ಲಿಸಲಿಲ್ಲ.

"ಆ ಕ್ರಿಸ್‌ಮಸ್ ಅಂಗಿ ನನಗೆ ಬೇಡ," ಎಂದ. "ಅದು ಗ್ರೇಮ್‌ಗೆ ಹೋಗಲಿ, ನಾಯಿಗೆ ಹೋಗಲಿ. ಆದರೆ ಈ ಮನುಷ್ಯ ಅರವತ್ತು ವರ್ಷ ನನ್ನ ಮುಖ ನೋಡಿ ನಾಚಿಕೆಪಟ್ಟಿದ್ದಾನೆ. ನನಗೆ ಗೊತ್ತೇ ಇರಲಿಲ್ಲ."

ನಾನು ವ್ಯಾನಿಗೆ ಒರಗಿ ನಿಂತೆ. ಏನು ಹೇಳಬೇಕೆಂದು ದಾರಿಯುದ್ದ ಯೋಚಿಸಿದ್ದು ಎಲ್ಲ ಮರೆತುಹೋಗಿತ್ತು. ಬಾಯಿಗೆ ಬಂದದ್ದು ನನ್ನದೇ ಕತೆ.

"ನನ್ನಪ್ಪ ಸತ್ತಾಗ ನನಗೆ ಹದಿಮೂರು ವರ್ಷ," ಎಂದೆ. "ನಮ್ಮ ಊರಲ್ಲಿ ಬಡಿಗರಿಗೆ ಆಯ ಎಂದು ಇತ್ತು. ವರ್ಷವಿಡೀ ರೈತರ ನೇಗಿಲು ಕುಂಟೆ ಮಾಡಿಕೊಡುವುದು, ಸುಗ್ಗಿಯಲ್ಲಿ ಅವರ ಕಣಕ್ಕೆ ಹೋಗಿ ಜೋಳ ತರುವುದು. ತಂದೆಯಿಂದ ಮಗನಿಗೆ ಬರುವ ಹಕ್ಕು, ನಿಮ್ಮ ಪಟ್ಟದ ಹಾಗೆಯೇ. ಹನ್ನೆರಡನೆಯ ದಿನ ಊರ ಹಿರಿಯರು ಬಂದು ಅಪ್ಪನ ಮರ ಕೆತ್ತುವ ಬಾಚಿಯನ್ನು ನನ್ನ ಕೈಗೆ ಕೊಟ್ಟು, ಒಂದು ಕೊರಡು ಮುಂದಿಟ್ಟು, ಕೆತ್ತು ಎಂದರು. ಕೆತ್ತಿದೆ. ಆಯ ನಡೆಯಲಿ ಎಂದು ಎದ್ದು ಹೋದರು. ನನ್ನ ಅವ್ವನ ಮದುವೆ ಯಾವಾಗ ಆಯಿತು ಎಂದು ಅವರು ಕೇಳಲಿಲ್ಲ. ನಾನು ನಿನ್ನ ಕಡೆ ಶಾಲು ತಂದದ್ದೂ ಹಾಗೇ. ನೀನು ಅವರ ಉಗುರು ತೆಗೆಯುವುದನ್ನು ಎರಡು ತಿಂಗಳು ನೋಡಿದ್ದೆ. ಅಷ್ಟೇ. ನನ್ನದು ತಪ್ಪಾಯಿತು, ಪೀಟರ್."

ತಪ್ಪಾಯಿತು ಎಂದು ಬಾಯಿ ಬಿಟ್ಟು ಹೇಳಿದ್ದು ಈ ದೇಶದಲ್ಲಿ ನನಗೆ ಅದೇ ಮೊದಲು.

ಅವನು ಸಲಿಕೆ ನೆಲಕ್ಕೆ ಊರಿ ನಿಂತ. "ನೀನು ಅವತ್ತು ಶಾಲು ತರದಿದ್ದರೆ ಅವನು ಸತ್ತ ಮೇಲೆ ವಕೀಲರ ಕಾಗದದಲ್ಲಿ ಓದುತ್ತಿದ್ದೆ. ಆಗ ಬೈಯಲು ಎದುರಿಗೆ ಯಾರೂ ಇರುತ್ತಿರಲಿಲ್ಲ."

"ಈಗ ಇದ್ದಾರಲ್ಲ," ಎಂದೆ. "ಹೋಗಿ ಬೈ. ಊಟ ಬಿಟ್ಟು ಕೂತಿದ್ದಾರೆ, ಬಹಳ ದಿನ ಸಿಗಲಿಕ್ಕಿಲ್ಲ."

ಅವನು ಮತ್ತೆ ಮಂಜು ಒಡೆಯತೊಡಗಿದ. ನಾನು ವ್ಯಾನು ಹತ್ತಿದೆ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಸಾಹೇಬರು ಆ ವರ್ಷದ ಎಲೆ ಉದುರುವ ಕಾಲಕ್ಕೆ ತೀರಿಕೊಂಡರು. ಪಟ್ಟ ಕಟ್ಟಳೆಯಂತೆ ಗ್ರೇಮನಿಗೆ ಇಳಿಯಿತು. ಅವನು ಅದರ ಕಾಗದ ಕಳಿಸಿದನೋ ಬಿಟ್ಟನೋ ನಾನು ವಿಚಾರಿಸಲಿಲ್ಲ. ನನಗೆ ಉಳಿದಿರುವುದು ಏಪ್ರಿಲ್ಲಿನ ಒಂದು ಶನಿವಾರ.

ಅಂದು ಕಪಾಟಿನ ಬಾಗಿಲು ಕೂಡಿಸಲು ಹೋದೆ. ಬಾಗಿಲು ತೆರೆದವನು ಪೀಟರ್. ಬಂದು ಎರಡು ದಿನವಾಗಿತ್ತಂತೆ. ಬೈದಿದ್ದನೋ ಇಲ್ಲವೋ ತಿಳಿಯದು. ನಾನು ಕಪಾಟಿನ ಮುಂದೆ ಕೂತು ಬಾಗಿಲಿನ ತಿರುಗಣಿ ಕೂಡಿಸುತ್ತಿದ್ದೆ. ಅವನು ಬಿಸಿನೀರಿನ ಬೋಗುಣಿ, ಸೋಪು, ರೇಜರು ತಂದು ತಂದೆಯ ಕೊರಳಿಗೆ ಟವೆಲು ಸಿಕ್ಕಿಸಿ ಕ್ಷೌರಕ್ಕೆ ನಿಂತ. ತಿಂಗಳ ಗಡ್ಡ. ಒಂದು ಕೆನ್ನೆ ಮುಗಿಯಿತು. ರೇಜರು ತೊಳೆದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇನ್ನೊಂದು ಕೆನ್ನೆಗೆ ಬಂದಾಗ, ಗದ್ದ ಹಿಡಿದು ಮೇಲಕ್ಕೆತ್ತಿ, ಪೀಟರ್ ಕೇಳಿದ:

"ಅವತ್ತು ನಾನು ಎಲ್ಲಿದ್ದೆ?"

"ಯಾವತ್ತು?"

"ನಿಮ್ಮ ಮದುವೆಯ ದಿನ."

ಮಗನ ಕೈ ಗದ್ದದ ಮೇಲೇ ಇತ್ತು.

"ಅಲ್ಲೇ ಇದ್ದೆ," ಎಂದರು. "ನಿನಗೆ ಹದಿನಾಲ್ಕು ತಿಂಗಳು. ಹೊಸದಾಗಿ ನಡೆಯಲು ಕಲಿತಿದ್ದೆ. ಹೊರಗೆ ಮಂಜು ಕಲೆಸಿದ ಮಳೆ. ಸಾಕ್ಷಿಗೆ ನಮ್ಮ ಬಾಡಿಗೆ ಮನೆಯ ಒಡತಿ ಬಂದಿದ್ದಳು, ನಿನ್ನನ್ನು ಎತ್ತಿಕೊಂಡಿರು ಎಂದು ಅವಳಿಗೆ ಕೊಟ್ಟಿದ್ದೆವು. ನೀನು ಜಾರಿ ಇಳಿದೆ. ರಿಜಿಸ್ಟ್ರಾರನು ಓದಿ ಹೇಳುತ್ತಿದ್ದಾನೆ, ನೀನು ಅವನ ಮೇಜಿನ ಕೆಳಗೆ ಹೋದೆ, ಅವನ ಬೂಟಿನ ದಾರ ಎಳೆಯತೊಡಗಿದೆ. ನಿನ್ನ ಅಮ್ಮ ನನ್ನ ಕೈ ಬಿಟ್ಟು ಮೇಜಿನ ಕೆಳಗೆ ತೂರಿದಳು. ಅಷ್ಟರಲ್ಲಿ ಅವನು ಒಪ್ಪಿಗೆಯೇ ಎಂದು ಕೇಳಿದ. ಅವಳು ಅಲ್ಲಿಂದಲೇ ಒಪ್ಪಿಗೆ ಎಂದಳು."

"ಮೇಜಿನ ಕೆಳಗಿನಿಂದ?"

"ಮೇಜಿನ ಕೆಳಗಿನಿಂದ. ನಿನ್ನ ಕಾಲು ಹಿಡಿದು ಎಳೆಯುತ್ತ." ಸಾಹೇಬರ ಕಣ್ಣು ಮುಚ್ಚಿತ್ತು. "ಅದು ಕಾನೂನಿಗೆ ಆಗುವುದಿಲ್ಲ, ಎದ್ದು ನಿಂತು ಹೇಳಬೇಕು ಎಂದ ಅವನು. ಅವಳು ನಿನ್ನನ್ನು ಕಂಕುಳಲ್ಲಿಟ್ಟುಕೊಂಡು ಎದ್ದು, ಕೂದಲೆಲ್ಲ ಕೆದರಿಹೋಗಿತ್ತು, ಇನ್ನೊಮ್ಮೆ ಹೇಳಿದಳು. ಉಂಗುರ ತೊಡಿಸಲು ಹೋದರೆ ನೀನು ಅದನ್ನು ಬಾಯಿಗೆ ಹಾಕಿಕೊಂಡೆ. ನಿನ್ನ ಮುಖ ನೋಡಿ ನಾಚಿಕೆಪಟ್ಟೆ ಎಂದು ನಿನಗೆ ಅನ್ನಿಸಿರಬಹುದು. ಆ ಕೋಣೆಯಲ್ಲಿ ನಾಚಿಕೆ ಇರಲಿಲ್ಲ, ಪೀಟರ್. ನಾವು ಅಷ್ಟು ನಕ್ಕದ್ದು ಮತ್ತೆ ನೆನಪಿಲ್ಲ. ಹೆದರಿಕೆ ಆಮೇಲೆ ಬಂತು. ನೀನು ಓದಲು ಕಲಿತ ಮೇಲೆ, ಮದುವೆಯ ಕಾಗದದ ತಾರೀಕು ನೋಡಿಬಿಟ್ಟರೆ ಎಂದು."

ಸೋಪು ಒಣಗುತ್ತಿತ್ತು. ಪೀಟರ್ ರೇಜರನ್ನು ಬೋಗುಣಿಗೆ ಹಾಕಿ, ಒಂದು ಮಣೆ ಎಳೆದುಕೊಂಡು ತಂದೆಯ ಮೊಣಕಾಲಿನ ಹತ್ತಿರ ಕೂತ.

"ಅಮ್ಮ ಯಾವ ಬಟ್ಟೆ ಉಟ್ಟಿದ್ದಳು?" ಎಂದು ಕೇಳಿದ.

ನನ್ನ ಕೈಯಲ್ಲಿ ಡ್ರಿಲ್ಲು ಇತ್ತು, ಒಂದೇ ಸ್ಕ್ರೂ ಉಳಿದಿತ್ತು. ಆ ಮಾತಿನ ಮೇಲೆ ಅದರ ಸದ್ದು ಬೀಳಬಾರದು ಎಂದು ಮೆಲ್ಲಗೆ ನೆಲದ ಮೇಲಿಟ್ಟು, ವ್ಯಾನಿನಿಂದ ಏನೋ ತರುವವನ ಹಾಗೆ ಹೊರಗೆ ನಡೆದೆ.